ಘಾಟಿರುವ ವೆನಿಲ್ಲಾ

ಪ್ರೀತಿಯ ಅಕ್ಕನಿಗೆ,

ನಾವೆಲ್ಲ ಕ್ಷೇಮ. ಮೊನ್ನೆ ಫೋನಿನಲ್ಲಿ ನನ್ನ ಹೊಸ ಸೆಂಟಿನ ವಿಷಯ ಹೇಳಿದಾಗ, "ವೆನಿಲ್ಲಾನಾ? ಮೈಗೆ ಸಿಹಿತಿಂಡಿ ಬಳಿದುಕೊಂಡ ಹಾಗಿರುವುದಿಲ್ಲವೇ?" ಎಂದು ನೀನು ನಕ್ಕುಬಿಟ್ಟೆ. ಭಾವನವರೂ ಹಿಂದಿನಿಂದ ಏನೋ ಅಂದದ್ದು ಕೇಳಿಸಿತು. ಅವಸರದ ಮಾತಿನಲ್ಲಿ ಪರಿಮಳವನ್ನು ವಿವರಿಸಲಾಗುವುದಿಲ್ಲ, ಅದಕ್ಕೇ ಈ ಕಾಗದ.

ಇದನ್ನು ತಯಾರಿಸುವವಳು ಒಬ್ಬಳೇ ಹೆಂಗಸು. ವೆನಿಲ್ಲಾ ಕೋಡುಗಳನ್ನು ಉದ್ದಕ್ಕೆ ಸೀಳಿ, ಆಲ್ಕೋಹಾಲಿನಲ್ಲಿ ತಿಂಗಳುಗಟ್ಟಲೆ ನೆನೆಹಾಕಿ, ಆ ಸಾರಕ್ಕೆ ಮಸಾಲೆಗಳ ತೈಲ ಬೆರೆಸುತ್ತಾಳೆ. ದ್ರವ ಕಡುಗಂದು; ಸೀಸೆಯ ತಳದಲ್ಲಿ ಒಂದಿಷ್ಟು ಗಸಿಯೂ ಕೂರುತ್ತದೆ. ಒಂದು ಬಾರಿ ಮಾಡಿದ್ದು ಮುಂದಿನ ಬಾರಿಯದನ್ನು ಪೂರ್ತಿ ಹೋಲುವುದಿಲ್ಲವಂತೆ. ಹೋಲದಿದ್ದರೇ ಚೆಂದ.

ಹಾಕಿಕೊಂಡ ಕೂಡಲೇ ವೆನಿಲ್ಲಾ ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ. ಮೊದಲು ನುಗ್ಗುವುದು ಕಾಳುಮೆಣಸು, ಏಲಕ್ಕಿ. ಮಣಿಕಟ್ಟನ್ನು ಮೂಗಿನ ಹತ್ತಿರ ತಂದರೆ ಹೊಳ್ಳೆ ಚುರುಗುಟ್ಟಿ ಸೀನು ಬರುವುದೊಂದು ಬಾಕಿ. ಆದರೆ ಅವೆರಡೂ ಹಗುರ, ಬೇಗ ಹಾರಿಹೋಗುತ್ತವೆ. ಆಮೇಲೆ ಲವಂಗ, ದಾಲ್ಚಿನ್ನಿಗಳ ಸರದಿ. ಈ ಹೊತ್ತೇ ನನಗೆ ಅಚ್ಚುಮೆಚ್ಚು: ಬಿಸಿಯೂ ಅಲ್ಲದ, ಖಾರವೂ ಅಲ್ಲದ ಒಂದು ಕಾವು ಚರ್ಮದ ಮೇಲೆ ಕೂತಿರುತ್ತದೆ, ಅದರ ಅಡಿಯಿಂದ ಸಿಹಿ ಮೆಲ್ಲಗೆ ತಲೆ ಎತ್ತುತ್ತದೆ. ಎಲ್ಲಿ ಮಸಾಲೆ ಮುಗಿಯಿತು, ಎಲ್ಲಿ ವೆನಿಲ್ಲಾ ಶುರುವಾಯಿತು ಎಂದು ಗೆರೆ ಎಳೆಯಲಾಗುವುದಿಲ್ಲ. ಲವಂಗಕ್ಕೆ ಘಾಟು ಕೊಡುವ ಯೂಜಿನಾಲ್ ಮತ್ತು ವೆನಿಲ್ಲಾಗೆ ಪರಿಮಳ ಕೊಡುವ ವೆನಿಲ್ಲಿನ್ ಎಂಬ ರಾಸಾಯನಿಕಗಳು ರಚನೆಯ ಲೆಕ್ಕದಲ್ಲಿ ಒಂದೇ ಮನೆತನದವು; ಮೊದಲನೆಯದರಿಂದ ಎರಡನೆಯದನ್ನು ತಯಾರಿಸುವುದೂ ಉಂಟು. ಅವು ಇಷ್ಟು ಚೆನ್ನಾಗಿ ಹೊಂದಿಕೊಳ್ಳುವುದು ಅದಕ್ಕೇ ಇರಬಹುದು.

ಸಂಜೆಗೆ ಉಳಿಯುವುದು ವೆನಿಲ್ಲಾ ಒಂದೇ. ಅದು ನೀನು ಅಂದುಕೊಂಡ ಸಿಹಿಯಲ್ಲ. ತೊಗಲು, ಒಣಮರ, ತುಸು ಹೊಗೆ ಸೇರಿದ ಒಣ ಸಿಹಿ. ನೀನು ನಕ್ಕ ಆ ಸಿಹಿ ಹೆಚ್ಚಾಗಿ ಕೃತಕ ವೆನಿಲ್ಲಿನ್‌ನದು. ಅದನ್ನು 1874ರಲ್ಲೇ ಪ್ರಯೋಗಾಲಯದಲ್ಲಿ ತಯಾರಿಸಿದರು, 1889ರ ಹೊತ್ತಿಗೆ ಫ್ರಾನ್ಸಿನ ಗೆರ್ಲಾನ್ ಕಂಪನಿಯ 'ಜಿಕಿ' ಎಂಬ ಸೆಂಟಿಗೂ ಬಂತು. ಅದನ್ನು ಹೀಗಳೆಯುತ್ತಿಲ್ಲ, ಆದರೆ ಅದು ಒಂಟಿ ಸ್ವರ. ಕೋಡಿನಲ್ಲಿ ವೆನಿಲ್ಲಿನ್ ಜೊತೆಗೆ ನೂರಾರು ಬೇರೆ ಅಂಶಗಳಿರುತ್ತವೆ. ಹಸಿ ಕೋಡಿಗೆ ಈ ಪರಿಮಳವೇ ಇರುವುದಿಲ್ಲ. ಬಿಸಿನೀರಿನಲ್ಲಿ ಅದ್ದಿ, ಕಂಬಳಿ ಸುತ್ತಿ ಬೆವರಿಸಿ, ತಿಂಗಳುಗಟ್ಟಲೆ ಒಣಗಿಸಿ ಹದಗೊಳಿಸಿದ ಮೇಲೆಯೇ ಘಮ ಏಳುವುದು.

ಇನ್ನೊಂದು ಮಾತು. ವೆನಿಲ್ಲಾ ಮೆಕ್ಸಿಕೋ ಮೂಲದ ಆರ್ಕಿಡ್ ಬಳ್ಳಿ; ಅದು ಬೇರೆ ದೇಶಗಳಲ್ಲಿ ಹೂ ಬಿಟ್ಟರೂ ಕಾಯಿ ಕಟ್ಟುತ್ತಿರಲಿಲ್ಲ. 1841ರಲ್ಲಿ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಗುಲಾಮ ಹುಡುಗ ಎಡ್ಮಂಡ್ ಆಲ್ಬಿಯಸ್, ಆಗ ಅವನಿಗೆ 12 ವರ್ಷ, ಒಂದು ಕಡ್ಡಿ ಮತ್ತು ಹೆಬ್ಬೆರಳಿನಿಂದ ಪರಾಗಸ್ಪರ್ಶ ಮಾಡುವ ಉಪಾಯ ಕಂಡುಹಿಡಿದ. ಅದರಿಂದ ತೋಟದ ಒಡೆಯರು ಹಣ ಮಾಡಿದರು, ಅವನು ಬಡತನದಲ್ಲೇ ತೀರಿಕೊಂಡ. ಇದನ್ನು ಓದಿದ ಮೇಲೆ ಈ ಸೆಂಟನ್ನು ಧಾರಾಳವಾಗಿ ಚಿಮುಕಿಸಲು ಕೈ ಬರುವುದಿಲ್ಲ.

ಧಾರಾಳವಾಗಿ ಚಿಮುಕಿಸಲೂಬಾರದು ಎನ್ನು. ಸ್ವಲ್ಪ ಹೊತ್ತಿನಲ್ಲೇ ನನ್ನ ಮೂಗು ಒಗ್ಗಿಹೋಗಿ, ಪರಿಮಳ ಆರಿಹೋಯಿತೆಂದು ಅನಿಸುತ್ತದೆ. ಲಿಫ್ಟಿನಲ್ಲಿ ಪಕ್ಕ ನಿಂತವರು ತಿರುಗಿ ನೋಡಿದಾಗಲೇ ಇನ್ನೂ ಇದೆ ಎಂದು ಗೊತ್ತಾಗುವುದು. ಚಳಿಗೆ ಮೈಮೇಲೆ ಅಡಗಿರುತ್ತದೆ, ಬೆಚ್ಚಗಿನ ಕೋಣೆಗೆ ಬಂದರೆ ಎದ್ದು ಬರುತ್ತದೆ. ಉಣ್ಣೆಯ ಮಫ್ಲರಿಗೆ ತಗುಲಿದ್ದು ವಾರವಾದರೂ ಬಿಡದು.

ಒಂದು ಪುಟ್ಟ ಸೀಸೆ ನಿನಗೆ ಕಳಿಸುತ್ತಿದ್ದೇನೆ. ದಾಲ್ಚಿನ್ನಿ, ಲವಂಗದ ತೈಲಗಳು ಕೆಲವರ ಚರ್ಮಕ್ಕೆ ಆಗುವುದಿಲ್ಲ, ಮೊದಲು ಮೊಣಕೈ ಒಳಮೈಗೆ ಒಂದು ಹನಿ ಹಚ್ಚಿ ಒಂದು ದಿನ ನೋಡು. ಬಿಳಿ ಬಟ್ಟೆಯ ಮೇಲೆ ಮಾತ್ರ ಬೀಳಿಸಬೇಡ, ಕಂದು ಕಲೆ ಹೋಗುವುದಿಲ್ಲ. ಬಿಸಿಲು ತಾಗದ ಕಪಾಟಿನಲ್ಲಿಡು. ಭಾವನವರಿಗೆ ತಲೆನೋವು ಬರುವುದಾದರೆ ಅವರಿಲ್ಲದ ದಿನ ಹಾಕಿಕೋ, ಆದರೆ ಮೊದಲ ಅರ್ಧ ಗಂಟೆಯಲ್ಲೇ ತೀರ್ಪು ಕೊಡಬೇಡ.

ಅಮ್ಮ, ಅಪ್ಪನಿಗೆ ನಮಸ್ಕಾರ ತಿಳಿಸು.

ನಿನ್ನ ತಂಗಿ