ಕಡಲ ತಡಿಯ ಶೌಚ ಗುಂಡಿ: ಪರೀಕ್ಷೆ ಮಳೆಗಾಲದಲ್ಲಿ ಆಗಲಿ

ಮಾನ್ಯ ಸಂಪಾದಕರೇ,

ಕಾಪು, ಮಲ್ಪೆ ಕಡೆ ಕಡಲ ತಡಿಯಲ್ಲಿ ಮನೆಗಳ ನಕ್ಷೆ ಬರೆದುಕೊಡುವುದು ನನ್ನ ಕೆಲಸ. ಶೌಚಾಲಯದ ಗುಂಡಿಗೆ ಜಾಗ ಒಪ್ಪುವ ಕ್ರಮದ ಬಗ್ಗೆ ಈ ಪತ್ರ.

ನಾನು ಕಂಡಂತೆ ಈಗ ನಡೆಯುವುದು ಇಷ್ಟೇ. ಬೇಸಿಗೆಯಲ್ಲಿ ಗುಂಡಿ ತೋಡಿ ನಾಲ್ಕು ಕೊಡ ನೀರು ಸುರಿಯುತ್ತಾರೆ. ಹೊಯ್ಗೆ (ಮರಳು) ಅಲ್ವಾ, ನೋಡನೋಡುತ್ತಲೇ ಇಂಗಿಬಿಡುತ್ತದೆ. ಜಾಗ ಒಳ್ಳೆಯದುಂಟು ಎಂದು ಎಲ್ಲರಿಗೂ ಸಮಾಧಾನ. ನನಗೆ ಹೆದರಿಕೆ ಆಗುವುದೇ ಆ ವೇಗ ಕಂಡು.

ಹೋದ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್ ಮಳೆಗಾಲದಲ್ಲಿ) ಒಬ್ಬರು ಹಿರಿಯ ಅಮ್ಮನ ಹಿತ್ತಲಿಗೆ ಹೋಗಿದ್ದೆ. ರಿಂಗ್ ಬಾವಿ. ಬೇಸಿಗೆಯಲ್ಲಿ ಎರಡಾಳು ಹಗ್ಗ ಬೇಕಾಗುತ್ತಿದ್ದ ಬಾವಿಯಲ್ಲಿ ನೀರು ಬಗ್ಗಿದರೆ ಕೈಗೆ ಸಿಗುವಷ್ಟು ಮೇಲೆ ಬಂದಿತ್ತು. ಪಕ್ಕದ ಶೌಚ ಗುಂಡಿಯ ಮುಚ್ಚಳ ಸರಿಸಿದರೆ ಅಲ್ಲೂ ಹೆಚ್ಚುಕಮ್ಮಿ ಅದೇ ಮಟ್ಟ. ಗುಂಡಿಯ ತಳ ಅಂತರ್ಜಲದೊಳಗೇ ಮುಳುಗಿತ್ತು. ನೀರನ್ನು ಪರೀಕ್ಷೆಗೆ ಕೊಟ್ಟರೆ ಕೋಲಿಫಾರ್ಮ್ (ಮಲದ ಕೊಳೆ ಸೇರಿರಬಹುದೆಂದು ಸುಳಿವು ಕೊಡುವ ಬ್ಯಾಕ್ಟೀರಿಯಾ) ಇದೆ ಎಂದು ಬಂತು. "ಕುಡಿಯುವ ನೀರು ಕುದಿಸಬಹುದು ಮಗಾ, ಪಾತ್ರೆ ತೊಳಿಲಿಕ್ಕೂ ಕುದಿಸ್ಲಿಕ್ಕೆ ಆಗ್ತದಾ?" ಎಂದು ಅವರು ಕೇಳಿದರು.

ಹೊಯ್ಗೆಯ ಸಂದುಗಳೆಲ್ಲ ತುಂಬಿದ್ದರೆ ನೀರು ದಿನಕ್ಕೆ ಹಲವು ಮೀಟರ್ ಸಾಗಬಲ್ಲದು. ಅರ್ಧಂಬರ್ಧ ಒದ್ದೆಯಿದ್ದರೆ ಹಾಗಲ್ಲ. ದೊಡ್ಡ ಸಂದುಗಳು ಮೊದಲು ಬರಿದಾಗಿ ಗಾಳಿ ಸೇರಿಕೊಳ್ಳುತ್ತದೆ. ಉಳಿದ ನೀರು ಕಣಗಳಿಗೆ ತೆಳ್ಳಗೆ ಅಂಟಿಕೊಂಡು ನಿಧಾನಕ್ಕೆ ಜಾರುತ್ತದೆ. ನೀರಿನ ಮಟ್ಟದಿಂದ ಒಂದು ಮೀಟರ್ ಮೇಲಿನ ಹೊಯ್ಗೆ ನೀರು ಸಾಗಿಸುವ ಪ್ರಮಾಣ ಲಕ್ಷಾಂತರ ಪಟ್ಟು ಇಳಿದುಬಿಡಬಹುದು. ರೋಗಾಣುಗಳು ಕಣಗಳಿಗೆ ಅಂಟಿ ನಿಂತು ಸಾಯುವುದು ಹೆಚ್ಚಾಗಿ ಈ ಗಾಳಿಯಾಡುವ ಪದರದಲ್ಲೇ. ಮಳೆಗಾಲದಲ್ಲಿ ಆ ಪದರವೇ ಇಲ್ಲದಿದ್ದರೆ ಸೋಸುವುದು ಯಾವುದು?

ಇದನ್ನು ಲೆಕ್ಕ ಹಾಕಲು ದಾರಿ ಇದೆ. ಅರ್ಧಂಬರ್ಧ ಒದ್ದೆಯಿರುವ ಮಣ್ಣಿನಲ್ಲಿ ನೀರು ಹೇಗೆ ಸಾಗುತ್ತದೆ ಎಂಬುದಕ್ಕೆ ಅಮೆರಿಕದ ವಿಜ್ಞಾನಿ ಲೊರೆಂಜೊ ರಿಚರ್ಡ್ಸ್ 1931ರಲ್ಲೇ ಸಮೀಕರಣ ಕೊಟ್ಟರು. ಮಣ್ಣಿನ ತೇವಕ್ಕೂ ನೀರಿನ ಓಟಕ್ಕೂ ಇರುವ ನಂಟನ್ನು ವ್ಯಾನ್ ಗೆನುಕ್ಟನ್ ಎಂಬ ಮಣ್ಣು ವಿಜ್ಞಾನಿ 1980ರಲ್ಲಿ ಸುಲಭದ ಸೂತ್ರಕ್ಕೆ ಇಳಿಸಿದರು. ಇವೆರಡನ್ನೂ ಬಳಸುವ ಹೈಡ್ರಸ್-1ಡಿ ಎಂಬ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ, ಸಾಧಾರಣ ಲ್ಯಾಪ್‌ಟಾಪ್ ಸಾಕು. ಆದರೆ ಪುಸ್ತಕದಲ್ಲಿರುವ 'ಮರಳು' ಎಂಬ ಸರಾಸರಿ ಅಂಕಿ ಸುಮ್ನೆ ತುಂಬಿಸಿದರೆ ಪ್ರಯೋಜನವಿಲ್ಲ. ನಮ್ಮಲ್ಲಿ ಹೊಯ್ಗೆಯ ನಡುವೆ ಚಿಪ್ಪಿನ ಪದರ, ಕೆಸರಿನ ಪದರ ಬರುತ್ತದೆ. ನಮ್ಮದೇ ಹೊಯ್ಗೆ ಜರಡಿ ಹಿಡಿದು, ಅದು ಎಷ್ಟು ನೀರು ಹಿಡಿದಿಡುತ್ತದೆ ಎಂದು ಅಳೆದು, ದಿನದಿನದ ಮಳೆ ಮತ್ತು ಬಾವಿಯ ಮಟ್ಟ ಕೊಡಬೇಕು. ಸುರತ್ಕಲ್ಲಿನ ಎಂಜಿನಿಯರಿಂಗ್ ಸಂಸ್ಥೆ ಎನ್‌ಐಟಿಕೆಯಲ್ಲಿ ಜಲ ಸಂಪನ್ಮೂಲದ ವಿಭಾಗವೇ ಇದೆ. ಪಂಚಾಯತುಗಳು ಅವರನ್ನು ಕೇಳಬಹುದು.

ಎರಡು ಗುಂಡಿಯ (ಒಂದು ತುಂಬಿದಾಗ ಇನ್ನೊಂದನ್ನು ಬಳಸುವ) ಶೌಚಾಲಯದ ಸರಕಾರಿ ಕೈಪಿಡಿಯೂ ವರ್ಷದ ಅತಿ ಮೇಲಿನ ನೀರಿನ ಮಟ್ಟವನ್ನೇ ನೋಡುತ್ತದೆ. ಗುಂಡಿಯ ತಳ ಅದಕ್ಕಿಂತ 2 ಮೀಟರ್ ಮೇಲಿದ್ದು, ಮಣ್ಣೂ ನಯವಾಗಿದ್ದರೆ ಮಾತ್ರ ಬಾವಿಗೆ 3 ಮೀಟರ್ ದೂರ ಸಾಕು ಎನ್ನುತ್ತದೆ. ದೊರಗು ಮಣ್ಣಾದರೆ ತಳ ಮುಚ್ಚಿ, ಸುತ್ತ 50 ಸೆಂಟಿಮೀಟರ್ ದಪ್ಪಕ್ಕೆ ನಯ ಮರಳು ತುಂಬಬೇಕು. ಇಲ್ಲಿ ಟೇಪ್ ಹಿಡಿದು ಅಡ್ಡ ದೂರ ಅಳೆಯುವವರನ್ನು ಕಂಡಿದ್ದೇನೆ, ತಳದಿಂದ ನೀರಿಗೆ ಎಷ್ಟು ಎಂದು ಕೇಳಿದವರನ್ನು ಕಂಡಿಲ್ಲ.

ಕಡಲ ತಡಿಯ ಪ್ರತಿ ವಾರ್ಡಿನಲ್ಲಿ ಕೆಲವು ಬಾವಿಗಳನ್ನಾದರೂ ಗುರುತಿಸಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ನೀರಿನ ಮಟ್ಟ ಬರೆದಿಡಲಿ. ಆ ಅಂಕಿ ನೋಡದೆ ಹೊಸ ಗುಂಡಿಗೆ ಒಪ್ಪಿಗೆ ಬೇಡ. ತಗ್ಗಿನ ಜಾಗವಾದರೆ ಗುಂಡಿಯನ್ನು ನೆಲದಿಂದ ಎತ್ತರಿಸಿ ಕಟ್ಟಿಸಲಿ. ಖರ್ಚು ಸ್ವಲ್ಪ ಜಾಸ್ತಿ, ಅದಕ್ಕೆ ಸಹಾಯಧನದಲ್ಲೇ ಅವಕಾಶ ಮಾಡಿಕೊಡಬೇಕು.

ಮನೆ ನಕ್ಷೆ ಬರೆಯುವ ಒಬ್ಬ ಓದುಗ, ಕಾಪು