ಕಿತ್ತಳೆ ಮೋಡ ಹಾಕಿದರಷ್ಟೇ ಸಾಲದು

ಮಾನ್ಯ ಸಂಪಾದಕರೆ,

2025ರ ನವೆಂಬರ್ 18ರ ಸಂಜೆ, ಜಾಲತಾಣ ಮತ್ತು ಅದರ ಓದುಗರ ನಡುವೆ ನಿಂತು ದಾಳಿ ತಡೆಯುವ ಕ್ಲೌಡ್‌ಫ್ಲೇರ್ ಸೇವೆ ಕೈಕೊಟ್ಟು ಎಕ್ಸ್, ಚಾಟ್‌ಜಿಪಿಟಿ ಸ್ತಬ್ಧವಾದಾಗ ಸೈಬರ್ ದಾಳಿಯ ಗುಮಾನಿ ಎದ್ದಿತ್ತು. ಅದು ದಾಳಿಯಲ್ಲ. ಡೇಟಾಬೇಸ್ ಅನುಮತಿಯೊಂದನ್ನು ಬದಲಿಸಿದಾಗ ಬಾಟ್‌ಗಳನ್ನು (ಮನುಷ್ಯರಂತೆ ಸೈಟಿಗೆ ಬರುವ ಸ್ವಯಂಚಾಲಿತ ತಂತ್ರಾಂಶಗಳನ್ನು) ಗುರುತಿಸಲು ಬಳಸುವ ಕಡತ ದುಪ್ಪಟ್ಟು ಬೆಳೆದು, ಅದನ್ನು ಓದುವ ತಂತ್ರಾಂಶದ 200 ಅಂಶಗಳ ಮಿತಿ ಮೀರಿತು, ತಂತ್ರಾಂಶ ಕುಸಿಯಿತು. ಡಿಸೆಂಬರ್ 5ರಂದು ಮತ್ತೆ ಸುಮಾರು 25 ನಿಮಿಷ ಅಡಚಣೆಯಾಯಿತು. ಹಾಗೆಂದು ಆ ಸಹವಾಸವೇ ಬೇಡ ಎನ್ನುವುದು, ಸಣ್ಣ ಸಂಸ್ಥೆಗಳ ಮಟ್ಟಿಗಂತೂ, ದುಡುಕು. ಒಮ್ಮೆಲೇ ಅಪಾರ ಕೋರಿಕೆ ಸುರಿದು ಸರ್ವರನ್ನು ಮುಳುಗಿಸುವ ಡಿಡಾಸ್ ದಾಳಿಯ ತಡೆಗೆ ಅದರ ಉಚಿತ ಯೋಜನೆಯಲ್ಲೂ 2017ರಿಂದ ಮಿತಿಯಿಲ್ಲ. ಅಂಥ ದಾಳಿಯನ್ನು ತಾಳಿಕೊಳ್ಳುವ ಶಕ್ತಿ ಪತ್ತಿನ ಸಹಕಾರ ಸಂಘದ ಒಂದೇ ಸರ್ವರಿಗೆ ಎಲ್ಲಿಂದ ಬರಬೇಕು?

ಆತಂಕ ಇರುವುದು ಬೇರೆ ಕಡೆ. ಹೀಗೆ ಸೇವೆ ನಿಂತಾಗ ಸೈಟಿನ ಹೆಸರನ್ನು ಸರ್ವರಿನ ವಿಳಾಸಕ್ಕೆ ಜೋಡಿಸುವ ಡಿಎನ್‌ಎಸ್ ದಾಖಲೆಯ ಪಕ್ಕದ ಕಿತ್ತಳೆ ಮೋಡವನ್ನು (ಸಂಪರ್ಕ ಕ್ಲೌಡ್‌ಫ್ಲೇರ್ ಮೂಲಕವೇ ಹಾಯುತ್ತದೆ ಎಂಬ ಗುರುತು) ಬೂದು ಮಾಡಿ ಸೈಟನ್ನು ನೇರವಾಗಿ ತೆರೆಯುವುದು, ಆಮೇಲೆ ಮತ್ತೆ ಕಿತ್ತಳೆಗೆ ತಿರುಗಿಸುವುದು ವಾಡಿಕೆ. ಆ ನಡುವಿನ ಹೊತ್ತಿನಲ್ಲಿ ಸರ್ವರಿನ ಅಸಲಿ ಐಪಿ (ಅಂತರ್ಜಾಲ ವಿಳಾಸ) ಬಯಲಾಗುತ್ತದೆ. ಹಳೆಯ ಡಿಎನ್‌ಎಸ್ ದಾಖಲೆಗಳನ್ನು ಕೂಡಿಡುವ ತಾಣಗಳಲ್ಲಿ ಅದು ಉಳಿದುಬಿಡಬಹುದು. ನಂತರ ದಾಳಿಕೋರ ಕ್ಲೌಡ್‌ಫ್ಲೇರನ್ನು ಮುಟ್ಟುವುದೇ ಇಲ್ಲ, ನೇರ ಐಪಿಗೇ ನುಗ್ಗುತ್ತಾನೆ. ಮೊದಲಿನಿಂದಲೂ ಬೂದುಬಣ್ಣದಲ್ಲೇ ಉಳಿದ ಮೇಲ್, ಎಫ್‌ಟಿಪಿ (ಕಡತ ರವಾನೆ), ಸಿಪ್ಯಾನೆಲ್ (ಸರ್ವರ್ ನಿಯಂತ್ರಣ ಫಲಕ) ಉಪಡೊಮೇನ್‌ಗಳೂ ಇದೇ ಗುಟ್ಟು ಬಿಟ್ಟುಕೊಡುತ್ತವೆ. ಸರ್ವರೇ ಕಳಿಸುವ ಇಮೇಲ್‌ನ ಹೆಡರ್‌ನಲ್ಲೂ (ಜೊತೆಗೆ ಹೋಗುವ ತಾಂತ್ರಿಕ ವಿವರದಲ್ಲೂ) ವಿಳಾಸ ಇರುತ್ತದೆ.

ಆದ್ದರಿಂದ ಮೊದಲು ಮೇಲ್ ಸೇವೆಯನ್ನು ಬೇರೆ ಕಡೆಗೆ ಸಾಗಿಸಿ, ಆಮೇಲೆ ಹೋಸ್ಟಿಂಗ್ ಕಂಪನಿಯಿಂದ ಹೊಸ ಐಪಿ ಪಡೆಯಬೇಕು. ಕ್ರಮ ತಿರುವುಮುರುವಾದರೆ ಹೊಸ ವಿಳಾಸವೂ ಸೋರುತ್ತದೆ. ಬಳಿಕ ಸರ್ವರಿನ ಕಾವಲು ವ್ಯವಸ್ಥೆಯಾದ ಫೈರ್‌ವಾಲ್‌ನಲ್ಲಿ ವೆಬ್ ಸಂಪರ್ಕದ ಬಾಗಿಲುಗಳಾದ 80 ಮತ್ತು 443 ಪೋರ್ಟ್‌ಗಳನ್ನು ಕ್ಲೌಡ್‌ಫ್ಲೇರ್ ಪ್ರಕಟಿಸಿರುವ ವಿಳಾಸ ಶ್ರೇಣಿಗಳಿಗೆ ಮಾತ್ರ ತೆರೆಯಬೇಕು. ಹಳೆಯ ವಿಳಾಸ ಪದ್ಧತಿಯಾದ ಐಪಿವಿ4ರಲ್ಲಿ 173.245.48.0/20 ಮೊದಲಾಗಿ 15 ಶ್ರೇಣಿಗಳಿವೆ, ಹೊಸ ಪದ್ಧತಿಯಾದ ಐಪಿವಿ6ರಲ್ಲಿ 7. ಐಪಿವಿ4 ಮುಚ್ಚಿ ಐಪಿವಿ6 ಮರೆಯುವವರೇ ಹೆಚ್ಚು. ಇಷ್ಟಾದರೂ ಒಂದು ಸಂದು ಉಳಿಯುತ್ತದೆ: ಕ್ಲೌಡ್‌ಫ್ಲೇರ್ ಖಾತೆ ಯಾರು ಬೇಕಾದರೂ ತೆರೆಯಬಹುದು, ತನ್ನ ಡೊಮೇನನ್ನು ನಿಮ್ಮ ಐಪಿಗೆ ತಿರುಗಿಸಿ ಅದೇ ಶ್ರೇಣಿಯೊಳಗಿಂದ ಬರಬಹುದು. ಅದಕ್ಕೆ, ಸಂಪರ್ಕ ನಿಮ್ಮ ಖಾತೆಯ ಮೂಲಕವೇ ಬಂದಿದೆಯೇ ಎಂದು ಸರ್ವರ್ ಪರಿಶೀಲಿಸುವ ‘ಆಥೆಂಟಿಕೇಟೆಡ್ ಒರಿಜಿನ್ ಪುಲ್ಸ್’ ಸೌಲಭ್ಯವನ್ನು ಸ್ವಂತ ಪ್ರಮಾಣಪತ್ರದೊಂದಿಗೆ ಹಾಕಬೇಕು.

ಮಾಹಿತಿಯನ್ನು ಗೂಢಲಿಪಿಯಲ್ಲಿ ಸಾಗಿಸುವ ಎಸ್‌ಎಸ್‌ಎಲ್ ವಿಷಯದಲ್ಲಿ ‘ಫ್ಲೆಕ್ಸಿಬಲ್’ ಆಯ್ಕೆ ಬೇಡವೇ ಬೇಡ. ಬ್ರೌಸರಿನಲ್ಲಿ ಬೀಗದ ಚಿಹ್ನೆ ಕಂಡರೂ ಕ್ಲೌಡ್‌ಫ್ಲೇರಿನಿಂದ ಸರ್ವರ್‌ವರೆಗೆ ಪಾಸ್‌ವರ್ಡ್ ಬಯಲಾಗಿಯೇ ಹೋಗುತ್ತದೆ. ಸರ್ವರಿನಲ್ಲಿ ಎಚ್‌ಟಿಟಿಪಿಎಸ್‌ಗೆ ಮರುನಿರ್ದೇಶನ ಇದ್ದರೆ ಪುಟ ಸುತ್ತುತ್ತಲೇ ಇದ್ದು ತೆರೆಯುವುದೇ ಇಲ್ಲ. ಸರ್ವರಿಗೆ ಹಾಕಲು ಕ್ಲೌಡ್‌ಫ್ಲೇರಿನಿಂದ 15 ವರ್ಷದವರೆಗಿನ ಒರಿಜಿನ್ ಪ್ರಮಾಣಪತ್ರ ಉಚಿತವಾಗಿ ಸಿಗುತ್ತದೆ. ಅದನ್ನು ಹಾಕಿ ‘ಫುಲ್ ಸ್ಟ್ರಿಕ್ಟ್’ ಆರಿಸಿದರೆ ಎರಡೂ ತೊಂದರೆ ತಪ್ಪುತ್ತವೆ.

ಸೈಟಿಗೆ ಬಂದವರ ದಾಖಲೆಯಾದ ಲಾಗ್‌ಗಳ ಕಡೆ ಕಣ್ಣು ಹಾಯಿಸುವವರು ಕಡಿಮೆ. ಏನೂ ಬದಲಿಸದಿದ್ದರೆ ಲಾಗ್ ತುಂಬ ಕ್ಲೌಡ್‌ಫ್ಲೇರಿನದೇ ಐಪಿಗಳು. ಫೇಲ್‌ಟುಬ್ಯಾನ್‌ನಂಥ ತಂತ್ರಾಂಶ ಅವನ್ನೇ ದಾಳಿಕೋರ ಎಂದು ತಡೆಯುತ್ತದೆ, ಒಂದಷ್ಟು ಓದುಗರಿಗೆ 522 ದೋಷ (ಸರ್ವರ್ ಸಂಪರ್ಕಕ್ಕೆ ಸಿಗುತ್ತಿಲ್ಲ ಎಂಬ ಸೂಚನೆ) ಕಾಣುತ್ತದೆ, ಕಾರಣ ಹುಡುಕುವವರು ತಲೆ ಕೆಡಿಸಿಕೊಳ್ಳುತ್ತಾರೆ. ವೆಬ್ ಸರ್ವರ್ ತಂತ್ರಾಂಶವಾದ ಎಂಜಿನ್‌ಎಕ್ಸ್‌ನ ರಿಯಲ್ ಐಪಿ ಮಾಡ್ಯೂಲ್‌ನಲ್ಲಿ ಆ ಶ್ರೇಣಿಗಳನ್ನು ನಂಬಿಕಸ್ಥ ಎಂದು ಗುರುತಿಸಿ, ‘ಸಿಎಫ್-ಕನೆಕ್ಟಿಂಗ್-ಐಪಿ’ ಹೆಡರ್‌ನಿಂದ ಅಸಲಿ ವಿಳಾಸ ಓದುವಂತೆ ಮಾಡಬೇಕು. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ನಿರ್ದೇಶನದಂತೆ ಲಾಗ್‌ಗಳನ್ನು 180 ದಿನ ಇಡಬೇಕು, ದಾಳಿಯಾದರೆ 6 ಗಂಟೆಯೊಳಗೆ ವರದಿ ಮಾಡಬೇಕು. ಬಂದವರ ವಿಳಾಸವೇ ಇಲ್ಲದ ಲಾಗ್ ಇಟ್ಟುಕೊಂಡು ತನಿಖೆಗೆ ಏನು ಕೊಡುತ್ತಾರೆ?

ಬಂದವರನ್ನೆಲ್ಲ ಪರೀಕ್ಷಿಸುವ ‘ಅಂಡರ್ ಅಟ್ಯಾಕ್’ ಮೋಡನ್ನು ಸದಾ ಹಾಕಿಡುವುದೂ ಸಲ್ಲ. ಮನುಷ್ಯರು ಅದರ ಪರೀಕ್ಷೆ ದಾಟುತ್ತಾರೆ, ಹಣ ಬಂತೆಂದು ತಿಳಿಸಲು ಬರುವ ಪಾವತಿ ಗೇಟ್‌ವೇಯ ಸರ್ವರ್ ದಾಟುವುದಿಲ್ಲ. ಶುಲ್ಕ ಕಟ್ಟಿದರೂ ರಸೀದಿ ಹುಟ್ಟುವುದಿಲ್ಲ.

ಸರ್ಕಾರಿ ಇಲಾಖೆ, ವಿಶ್ವವಿದ್ಯಾಲಯಗಳ ಟೆಂಡರ್‌ಗಳಲ್ಲಿ ‘ಕ್ಲೌಡ್ ಭದ್ರತೆ ಇರತಕ್ಕದ್ದು’ ಎಂಬ ಒಂದು ಸಾಲಿನ ಬದಲು ಒಂದು ಪರೀಕ್ಷೆಯನ್ನು ಬರೆಯಲಿ: ಹೊರಗಿನ ಮೊಬೈಲ್ ನೆಟ್‌ವರ್ಕ್‌ನಿಂದ ಸರ್ವರಿನ ಅಸಲಿ ಐಪಿಗೆ 80, 443ರಲ್ಲಿ ಸಂಪರ್ಕಿಸಿದರೆ ಉತ್ತರ ಬರಕೂಡದು, ಐಪಿವಿ6ರಲ್ಲೂ. ಉತ್ತರ ಬಂದರೆ ಗುತ್ತಿಗೆದಾರರ ಬಿಲ್ಲು ತಡೆಹಿಡಿಯಲಿ.

– ವೆಬ್ ಸರ್ವರ್ ನಿರ್ವಾಹಕರು, ದಾವಣಗೆರೆ