ಹೂವು ನೋಡಿ ಹೆಸರಿಡಬೇಡ

ಗೆಳೆಯಾ,

ನಿನ್ನ ಬೈಗುಳ ಓದಿದೆ. ನರ್ಸರಿಯವನು ಗಡ್ಡೆಯ ಪ್ಯಾಕೆಟ್ ಮೇಲೆ ಅಸಿಡಾಂಥೆರಾ ಅಂತ ಬರೆದಿದ್ದಾನೆ, ನಿನ್ನ ಹಳೇ ಪುಸ್ತಕದಲ್ಲಿ ಅದೇ ಹೂವಿಗೆ ಗ್ಲಾಡಿಯೋಲಸ್ ಕ್ಯಾಲಿಯಾಂಥಸ್ ಅಂತಿದೆ, ಈಗ ನೋಡಿದರೆ ಎಲ್ಲರೂ ಗ್ಲಾಡಿಯೋಲಸ್ ಮ್ಯೂರಿಯೆಲೇ ಅನ್ನುತ್ತಿದ್ದಾರೆ. "ಇವರಿಗೆ ಮಾಡೋಕೆ ಬೇರೆ ಕೆಲಸ ಇಲ್ವಾ?" ಅಂತ ಕೇಳಿದ್ದೀಯ. ಇಲ್ಲ ಮಾರಾಯ, ಇದೇ ಅವರ ಕೆಲಸ. ಆದರೆ ನೀನು ಅಂದುಕೊಂಡಷ್ಟು ಸುಮ್ನೆ ಮಾಡುವ ಕೆಲಸ ಅಲ್ಲ.

ನಿನ್ನ ಮೂರು ಹೆಸರಿನ ಕತೆ ಚಿಕ್ಕದು. 1844ರಲ್ಲಿ ಇಥಿಯೋಪಿಯಾದ ಈ ಗಿಡಕ್ಕೆ ಅಸಿಡಾಂಥೆರಾ ಬೈಕಲರ್ ಅಂತ ಹೆಸರಿಟ್ಟರು. ಮುಂದೆ ಇದು ಗ್ಲಾಡಿಯೋಲಸ್ ಕುಲದ್ದೇ ಅಂತ ಗೊತ್ತಾಯಿತು (ಹೆಸರಿನ ಮೊದಲ ಪದವೇ ಕುಲ, ಅಂದರೆ ಹತ್ತಿರದ ನೆಂಟ ಗಿಡಗಳ ಗುಂಪು). ಹಾಗಿದ್ದರೆ ಗ್ಲಾಡಿಯೋಲಸ್ ಬೈಕಲರ್ ಅಂದರೆ ಮುಗಿಯಿತಲ್ಲ? ಮುಗಿಯಲಿಲ್ಲ, ಆ ಹೆಸರು ಆಗಲೇ ಬೇರೆ ಗಿಡಕ್ಕೆ ಹೋಗಿತ್ತು. ಒಂದೇ ಹೆಸರನ್ನು ಇಬ್ಬರಿಗೆ ಕೊಡುವ ಹಾಗಿಲ್ಲ. ಅದಕ್ಕೇ 1973ರಲ್ಲಿ ಕ್ಯಾಲಿಯಾಂಥಸ್ ಅನ್ನುವ ಹೊಸ ಹೆಸರು ಬಂತು. ಅಷ್ಟರಲ್ಲಿ ಇದೇ ಗಿಡಕ್ಕೆ 1932ರಲ್ಲೇ ಒಬ್ಬರು ಮ್ಯೂರಿಯೆಲೇ ಅಂತ ಹೆಸರಿಟ್ಟಿದ್ದು ಬೆಳಕಿಗೆ ಬಂತು. ಮೊದಲು ಇಟ್ಟವರ ಹೆಸರಿಗೇ ಮರ್ಯಾದೆ, ಅದು ನಿಯಮ. ಅಲ್ಲಿಗೆ ಆ ಲೆಕ್ಕ ಚುಕ್ತಾ.

ನನಗೆ ಹೇಳಬೇಕಾಗಿರುವುದು ಇದರ ಹಿಂದಿನ ಪ್ರಶ್ನೆ. ಅಸಿಡಾಂಥೆರಾ ಬೇರೆ ಕುಲ ಅಂತ ಅಷ್ಟು ವರ್ಷ ನಂಬಿದ್ದು ಯಾಕೆ? ಅದು ಗ್ಲಾಡಿಯೋಲಸ್ಸೇ ಅಂತ ಆಮೇಲೆ ಗೊತ್ತಾಗಿದ್ದು ಹೇಗೆ? ಇದಕ್ಕೆ ಉತ್ತರ ಬೇಕಾದರೆ ಸಸ್ಯಶಾಸ್ತ್ರಜ್ಞ ಪೀಟರ್ ಗೋಲ್ಡ್‌ಬ್ಲಾಟ್ ಮಾಡಿದ ಕೆಲಸ ನೋಡಬೇಕು.

1943ರಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ ಹುಟ್ಟಿದವರು. ಕೇಪ್‌ಟೌನ್ ವಿಶ್ವವಿದ್ಯಾಲಯದಲ್ಲಿ 1970ರಲ್ಲಿ ಡಾಕ್ಟರೇಟ್. ಆಮೇಲೆ ಕೆಲಸ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿರುವ ಮಿಸೌರಿ ಬೊಟಾನಿಕಲ್ ಗಾರ್ಡನ್‌ನಲ್ಲಿ. ಆದರೆ ಜೀವಮಾನ ಪೂರ್ತಿ ಹಿಡಿದುಕೊಂಡಿದ್ದು ಮುಖ್ಯವಾಗಿ ಒಂದೇ ಕುಟುಂಬ: ಐರಿಸ್ ಕುಟುಂಬ. ಗ್ಲಾಡಿಯೋಲಸ್, ಫ್ರೀಸಿಯಾ, ಕ್ರೋಕೋಸ್ಮಿಯಾ, ಮೊರಿಯಾ ಎಲ್ಲ ಇದರೊಳಗೇ ಬರುತ್ತವೆ. ಈ ಕುಟುಂಬದ ಅರ್ಧಕ್ಕಿಂತ ಜಾಸ್ತಿ ಪ್ರಭೇದಗಳು ಇರುವುದು ದಕ್ಷಿಣ ಆಫ್ರಿಕಾದ ಸುತ್ತಮುತ್ತಲೇ.

ಆ ಜಾಗವನ್ನು ಸ್ವಲ್ಪ ಕಣ್ಣಮುಂದೆ ತಂದುಕೋ. ದಕ್ಷಿಣ ಆಫ್ರಿಕಾದ ತುದಿಯ ಕೇಪ್ ಪ್ರದೇಶ ಅಂದರೆ ಸುಮಾರು 90 ಸಾವಿರ ಚದರ ಕಿಲೋಮೀಟರ್, ನಮ್ಮ ಕರ್ನಾಟಕದ ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಅಷ್ಟರಲ್ಲೇ ಸುಮಾರು 9,000 ಬಗೆಯ ಗಿಡಗಳಿವೆ. ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ಬೇರೆಲ್ಲೂ ಇಲ್ಲ. ಅಲ್ಲಿನ ಪಶ್ಚಿಮ ಭಾಗದಲ್ಲಿ ಮಳೆ ಬರುವುದು ಚಳಿಗಾಲಕ್ಕೆ, ಬೇಸಿಗೆ ಒಣ. ಹಾಗಾಗಿ ಎಷ್ಟೋ ಗಿಡಗಳು ಬೇಸಿಗೆಯಲ್ಲಿ ಮೇಲೆ ಏನೂ ಉಳಿಸಿಕೊಳ್ಳದೆ ಗಡ್ಡೆಯೊಳಗೆ ಸೇರಿಕೊಳ್ಳುತ್ತವೆ. ಕಾಡಿನ ಬೆಂಕಿ ಬಂದರೂ ಗಡ್ಡೆಗೆ ಏನೂ ಆಗಲ್ಲ. ಆಗಸ್ಟ್, ಸೆಪ್ಟೆಂಬರ್‌ಗೆ ನಿವುಡ್ಟ್‌ವಿಲ್ ಅನ್ನುವ ಪುಟ್ಟ ಊರಿನ ಸುತ್ತ ನೆಲವೇ ಕಾಣದ ಹಾಗೆ ಹೂವು. ಆ ಊರನ್ನು ಲೋಕದ ಗಡ್ಡೆಗಿಡಗಳ ರಾಜಧಾನಿ ಅಂತಲೇ ಕರೆಯುತ್ತಾರೆ.

ಗೋಲ್ಡ್‌ಬ್ಲಾಟ್ ಶುರು ಮಾಡಿದ್ದು ಹೂವಿನಿಂದ ಅಲ್ಲ, ಬೇರಿನ ತುದಿಯಿಂದ. ಎಳೇ ಬೇರಿನ ತುದಿ ಕತ್ತರಿಸಿ, ಬಣ್ಣ ಹಾಕಿ, ಗಾಜಿನ ಮೇಲೆ ಒತ್ತಿ, ಸೂಕ್ಷ್ಮದರ್ಶಕದಲ್ಲಿ ಕ್ರೋಮೋಸೋಮ್ ಎಣಿಸುವುದು. ನಾವೂ ಕಾಲೇಜಿನಲ್ಲಿ ಈರುಳ್ಳಿ ಬೇರಿನ ತುದಿಯಲ್ಲಿ ಮಾಡಿದ್ದೆವಲ್ಲ, ಅದೇ ಪ್ರಯೋಗ. ನಾವು ಒಂದು ಸ್ಲೈಡ್ ಮಾಡಿ ಮಾರ್ಕ್ಸ್ ತಗೊಂಡು ಮನೆಗೆ ಹೋದೆವು. ಈ ಮನುಷ್ಯ ಇಡೀ ಕುಟುಂಬಕ್ಕೇ ಅದನ್ನು ಮಾಡಲು ಹೊರಟ. ಅದರ ಜೊತೆಗೆ ಗಡ್ಡೆಯ ಹೊದಿಕೆ, ಎಲೆಯ ಅಡ್ಡಸೀಳು, ಬೀಜದ ಕಾಯಿ, ಹೀಗೆ ತೋಟದವರು ತಿರುಗಿಯೂ ನೋಡದ ಭಾಗಗಳು.

ಇದಕ್ಕೆ ಕಾರಣ ಇದೆ. ಈ ಗಿಡಗಳ ಹೂವು ಅಂಗಡಿಯ ಬೋರ್ಡ್ ಇದ್ದ ಹಾಗೆ. ಗಿರಾಕಿ ಬದಲಾದರೆ ಬೋರ್ಡ್ ಬದಲಾಗುತ್ತದೆ, ಮನೆತನ ಬದಲಾಗಲ್ಲ. ಗ್ಲಾಡಿಯೋಲಸ್‌ನ ಗಿರಾಕಿಗಳು ಎಷ್ಟು ಬಗೆ ನೋಡು. ಬಹಳಷ್ಟಕ್ಕೆ ಜೇನುಹುಳದ ನೆಂಟರಾದ ಉದ್ದ ನಾಲಿಗೆಯ ದುಂಬಿಗಳು. ಗ್ಲಾಡಿಯೋಲಸ್ ಕಾರ್ಡಿನಾಲಿಸ್ ಜಲಪಾತದ ಪಕ್ಕದ ಒದ್ದೆ ಬಂಡೆಗಳಲ್ಲಿ ಬೆಳೆಯುತ್ತದೆ, ದೊಡ್ಡ ಕೆಂಪು ಹೂವು. ಅದಕ್ಕೆ ಬರುವುದು ಒಂದೇ ಜಾತಿಯ ಕಂದು ಚಿಟ್ಟೆ. ಆ ಚಿಟ್ಟೆಗೆ ಕೆಂಪಿನ ಹುಚ್ಚು ಎಷ್ಟೆಂದರೆ ಬೆಟ್ಟ ಹತ್ತುವವರ ಕೆಂಪು ಟೋಪಿಯನ್ನೂ ಬಿಡಲ್ಲ. ಗ್ಲಾಡಿಯೋಲಸ್ ಆಂಗಸ್ಟಸ್‌ನದು ಕೆನೆಬಣ್ಣದ ಹೂವು, ಕೊಳವೆ ವಿಪರೀತ ಉದ್ದ. ಅದರ ತಳದ ಮಕರಂದ ಮುಟ್ಟುವ ನೊಣವೊಂದಿದೆ. ಮೈಗಿಂತ ನಾಲಿಗೆಯೇ ಎಷ್ಟೋ ಪಟ್ಟು ಉದ್ದ, ಆರೇಳು ಸೆಂಟಿಮೀಟರ್ ಮೀರುತ್ತದೆ. ಹಾರುವಾಗ ಅದನ್ನು ಮಡಚಲು ಆಗಲ್ಲ, ಹಾಗೇ ಎಳೆದುಕೊಂಡು ಹೋಗುತ್ತದೆ. ಅದೇ ನೊಣಕ್ಕೆ ಬೇರೆ ಬೇರೆ ಹೂವುಗಳು ಮೈಮೇಲಿನ ಬೇರೆ ಬೇರೆ ಜಾಗಕ್ಕೆ ಪರಾಗ ಮೆತ್ತುತ್ತವೆ, ಒಂದರದು ಇನ್ನೊಂದಕ್ಕೆ ಬೆರೆಯದ ಹಾಗೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಗ್ಲಾಡಿಯೋಲಸ್ ಲಿಲಿಯೇಸಿಯಸ್. ಹಗಲು ನೋಡಿದರೆ ಏನೂ ಇಲ್ಲ. ಕಂದು, ಮಾಸಲು, ಒಣಗಿದ ಎಲೆ ಬಣ್ಣ. ಯಾರೂ ಬಗ್ಗಿ ನೋಡಲಾರರು. ಸಂಜೆಯಾಗುತ್ತಿದ್ದ ಹಾಗೆ ಅದೇ ದಳಗಳು ನಿಧಾನಕ್ಕೆ ನಸುನೇರಳೆಗೆ ತಿರುಗುತ್ತವೆ. ಕತ್ತಲಾಗುವಷ್ಟರಲ್ಲಿ ಗಮ್ ಅನ್ನುವ ಲವಂಗದ ವಾಸನೆ. ಗಿರಾಕಿ ರಾತ್ರಿಯ ಪತಂಗ. ಬೆಳಗಾದರೆ ಮತ್ತೆ ಕಂದು. ಇಂಥ ಗಿಡವನ್ನು ಹಗಲು ಒಬ್ಬ, ರಾತ್ರಿ ಒಬ್ಬ ನೋಡಿದ್ದರೆ ಎರಡು ಹೆಸರಿಡುತ್ತಿದ್ದರೋ ಏನೋ!

ಈಗ ಹಳಬರ ಕಷ್ಟ ಅರ್ಥವಾಗುತ್ತದೆ. ಯುರೋಪಿನಲ್ಲಿ ಕೂತವರ ಕೈಗೆ ಸಿಗುತ್ತಿದ್ದದ್ದು ಒಣಗಿಸಿ ಕಾಗದಕ್ಕೆ ಅಂಟಿಸಿದ ಗಿಡ. ಐರಿಸ್ ಕುಟುಂಬದ ಹೂವು ಒಣಗಿದರೆ ಒದ್ದೆ ಟಿಶ್ಯೂ ಮುದ್ದೆಯಾಗುತ್ತದೆ. ಎಷ್ಟೋ ಮೊರಿಯಾಗಳು ಮಧ್ಯಾಹ್ನದ ಮೇಲೆ ಅರಳಿ ಅದೇ ಸಂಜೆ ಬಾಡಿಹೋಗುತ್ತವೆ. ಸಿಕ್ಕಷ್ಟು ಆಕಾರ ನೋಡಿ ಕುಲ ಕಟ್ಟಿದರು. ಕೆಂಪಗೆ ಉದ್ದ ಕೊಳವೆ ಇದ್ದರೆ ಹೋಮೋಗ್ಲೋಸಮ್. ಮೇಲಿನ ಒಂದು ದಳ ಚಮಚದಂತೆ ಮುಂದೆ ಚಾಚಿ ಕೆಳಗಿನವು ಮುರುಟಿದ್ದರೆ ಅನೊಮಲೇಸಿಯಾ. ಬಿಳಿ, ಉದ್ದ ಕೊಳವೆ, ಸುವಾಸನೆ ಇದ್ದರೆ ನಿನ್ನ ಅಸಿಡಾಂಥೆರಾ. 1989ರಲ್ಲಿ ಗೋಲ್ಡ್‌ಬ್ಲಾಟ್ ಮತ್ತು ಸ್ಟೆಲೆನ್‌ಬಾಷ್‌ನ ಮಿರಿಯಂ ಡಿ ವಾಸ್ ಸೇರಿ ಹೋಮೋಗ್ಲೋಸಮ್, ಅನೊಮಲೇಸಿಯಾ ಎರಡನ್ನೂ ಗ್ಲಾಡಿಯೋಲಸ್‌ಗೆ ಸೇರಿಸಿದರು. ಆ ಕೆಂಪು, ಆ ಕೊಳವೆ ಎಲ್ಲ ಸೂರಕ್ಕಿಗೋಸ್ಕರ. ಬೇರೆ ಬೇರೆ ಗ್ಲಾಡಿಯೋಲಸ್‌ಗಳು ಬೇರೆ ಬೇರೆಯಾಗಿಯೇ ಸೂರಕ್ಕಿಯ ಕಡೆ ತಿರುಗಿವೆ. ನಿನ್ನ ಅಸಿಡಾಂಥೆರಾದ ಬಿಳಿಯೂ ವಾಸನೆಯೂ ಪತಂಗಕ್ಕೆ. ಇಷ್ಟೇ ವಿಷಯ.

ಇವರಿಗಿಂತ ಮುಂಚೆ ದಾರಿ ಮಾಡಿದವರನ್ನು ಬಿಟ್ಟರೆ ತಪ್ಪಾಗುತ್ತದೆ. ಗ್ವೆಂಡೊಲಿನ್ ಜಾಯ್ಸ್ ಲೂಯಿಸ್ ಅನ್ನುವ ಹೆಣ್ಣುಮಗಳು ದಕ್ಷಿಣ ಆಫ್ರಿಕಾದ ಗ್ಲಾಡಿಯೋಲಸ್ ಪೂರ್ತಿ ವಿಂಗಡಿಸಲು ಕೂತಿದ್ದರು. ಮುಗಿಸುವ ಮುಂಚೆ, 1967ರಲ್ಲಿ ತೀರಿಕೊಂಡರು. ಅಮೀಲಿಯಾ ಓಬರ್ಮೆಯರ್ ಮತ್ತು ಟಿ.ಟಿ. ಬರ್ನಾರ್ಡ್ ಅದನ್ನು ಪೂರ್ತಿ ಮಾಡಿ 1972ರಲ್ಲಿ ಅಚ್ಚು ಹಾಕಿಸಿದರು. ಈ ಬರ್ನಾರ್ಡ್ ಒಂದು ಕಾಲಕ್ಕೆ ಕೇಪ್‌ಟೌನ್‌ನಲ್ಲಿ ಮಾನವಶಾಸ್ತ್ರದ ಪ್ರೊಫೆಸರ್! ಮನುಷ್ಯರನ್ನು ಬಿಟ್ಟು ಗಡ್ಡೆಗಳ ಹಿಂದೆ ಬಿದ್ದ ಅಂದರೆ ನನಗಂತೂ ಆಶ್ಚರ್ಯ ಇಲ್ಲ. 1998ರಲ್ಲಿ ಗೋಲ್ಡ್‌ಬ್ಲಾಟ್ ಮತ್ತು ಕೇಪ್‌ಟೌನ್‌ನ ಕಿರ್ಸ್ಟೆನ್‌ಬಾಷ್ ತೋಟದ ಕಾಂಪ್ಟನ್ ಹರ್ಬೇರಿಯಂನ (ಒಣಗಿಸಿದ ಗಿಡಗಳ ಸಂಗ್ರಹ) ಜಾನ್ ಮ್ಯಾನಿಂಗ್ ಸೇರಿ ಹೊಸ ಗ್ರಂಥ ತಂದರು. ಅದರಲ್ಲಿ ದಕ್ಷಿಣ ಆಫ್ರಿಕಾ ಭಾಗದ ನೂರಅರವತ್ತಕ್ಕೂ ಹೆಚ್ಚು ಗ್ಲಾಡಿಯೋಲಸ್‌ಗಳಿವೆ.

ಆದರೆ ನಾನು ಈ ಮನುಷ್ಯನಿಗೆ ಕೈಮುಗಿಯುವುದು ಮೊರಿಯಾ ವಿಷಯಕ್ಕೆ. ಆ ಕುಲದ ಹೆಸರಿನದೇ ಒಂದು ತಮಾಷೆ ಇದೆ. ಇಂಗ್ಲೆಂಡಿನ ತೋಟಗಾರ ಫಿಲಿಪ್ ಮಿಲ್ಲರ್ ಅದನ್ನು ರಾಬರ್ಟ್ ಮೋರ್ ಅನ್ನುವವರ ನೆನಪಿಗೆ ಮೋರಿಯಾ ಅಂತ ಕರೆದರು. ಗಿಡಗಳಿಗೆ ಎರಡು ಪದದ ಹೆಸರಿಡುವ ಪದ್ಧತಿ ತಂದ ಲಿನೇಯಸ್ ಮಹಾಶಯ ಅದರಲ್ಲಿ ಒಂದಕ್ಷರ ಸೇರಿಸಿ ತನ್ನ ಹೆಂಡತಿಯ ತವರಿನ ಹೆಸರು ಮಾಡಿಕೊಂಡ. ಇರಲಿ. ಗೋಲ್ಡ್‌ಬ್ಲಾಟ್ 1970ರ ದಶಕದಲ್ಲಿ ಮೊರಿಯಾದ ನೆಂಟರನ್ನೆಲ್ಲ ಒಂದೊಂದಾಗಿ ಪರೀಕ್ಷಿಸಿದರು. ಎಲ್ಲೂ ಸೇರದ ಒಂದೆರಡು ಗಿಡ ಸಿಕ್ಕಿದಾಗ ಬರ್ನಾರ್ಡಿಯೆಲ್ಲಾ, ರೋಗೆವೆಲ್ಡಿಯಾ ಅಂತ ತಾವೇ ಹೊಸ ಕುಲಗಳನ್ನು ಮಾಡಿದರು. ಒಬ್ಬ ಸಸ್ಯಶಾಸ್ತ್ರಜ್ಞನಿಗೆ ಹೊಸ ಪ್ರಭೇದ ಸಿಗುವುದೇ ಹಬ್ಬ, ಇನ್ನು ಹೊಸ ಕುಲ ಅಂದರೆ ಕೇಳಬೇಕಾ? ಅವರ ಹೆಸರು ಆ ಕುಲದ ಮುಂದೆ ಶಾಶ್ವತವಾಗಿ ಇರುತ್ತದೆ.

1998ರಲ್ಲಿ ಅದೇ ಮನುಷ್ಯ ಆರು ಕುಲಗಳನ್ನು ಒಂದೇ ಪ್ರಬಂಧದಲ್ಲಿ ಮುಳುಗಿಸಿದರು. ಗ್ಯಾಲಕ್ಸಿಯಾ, ಹೋಮೇರಿಯಾ, ಹೆಕ್ಸಾಗ್ಲಾಟಿಸ್, ಗೈನಾಂಡ್ರಿರಿಸ್ ಹೋದವು. ಜೊತೆಗೆ ಬರ್ನಾರ್ಡಿಯೆಲ್ಲಾ, ರೋಗೆವೆಲ್ಡಿಯಾ. ಎಲ್ಲವೂ ಮೊರಿಯಾ. ಗ್ಯಾಲಕ್ಸಿಯಾ ಅಂದರೆ ನೆಲಕ್ಕೆ ಅಂಟಿಕೊಂಡು ಅರಳುವ ಪುಟ್ಟ ಬಟ್ಟಲು, ಅಂಡಾಶಯ ಮಣ್ಣಿನೊಳಗೇ ಇರುತ್ತದೆ. ಮೊರಿಯಾದ ಐರಿಸ್‌ನಂಥ ಹೂವಿಗೂ ಅದಕ್ಕೂ ಏನೂ ಸಂಬಂಧ ಕಾಣಲ್ಲ. ಆದರೆ ಹೂವು ಕಿತ್ತಿಟ್ಟು ನೋಡು. ಎಲ್ಲಕ್ಕೂ ಒಂದೇ ಬಗೆಯ ಗಡ್ಡೆ. ಈ ಕುಟುಂಬದಲ್ಲಿ ಬಹಳಷ್ಟಕ್ಕೆ ಕತ್ತಿಯಂಥ ಚಪ್ಪಟೆ ಎಲೆ ಇದ್ದರೆ ಇವಕ್ಕೆ ಮಾತ್ರ ದೋಣಿಯಂತೆ ನಡುವೆ ತಗ್ಗಾದ ಎಲೆ. ಇವನ್ನು ಬೇರೆಯಾಗಿ ಇಟ್ಟರೆ ಉಳಿದ ಮೊರಿಯಾಗೆ ಅರ್ಥವೇ ಉಳಿಯಲ್ಲ, ಯಾಕೆಂದರೆ ಇವು ಹುಟ್ಟಿದ್ದೇ ಅದರ ಒಳಗಿಂದ. ಡಿಎನ್ಎ ಬಂದ ಮೇಲೆ ಅದಕ್ಕೆ ಇನ್ನಷ್ಟು ಬಲ ಬಂತು.

ತಾನಿಟ್ಟ ಹೆಸರಿಗೆ ತಾನೇ ಗೆರೆ ಎಳೆಯುವುದು ನಮ್ಮಲ್ಲಿ ಎಷ್ಟು ಜನ ಮಾಡುತ್ತಾರೆ ಹೇಳು. ಆಸ್ಟ್ರೇಲಿಯಾದಲ್ಲಿ ಹೋಮೇರಿಯಾ ದೊಡ್ಡ ಕಳೆ, ದನ ತಿಂದರೆ ವಿಷ. ಅಲ್ಲಿನ ರೈತರಿಗೆ ಅದು ಹೋಮೇರಿಯಾನೂ ಅಲ್ಲ, ಮೊರಿಯಾನೂ ಅಲ್ಲ, ಬರೀ ಕೇಪ್ ಟುಲಿಪ್. ಅವರ ಪಾಡಿಗೆ ಅವರಿದ್ದಾರೆ.

ಹಾಗಂತ ನಿನ್ನ ಸಿಟ್ಟು ಪೂರ್ತಿ ಸುಳ್ಳು ಅಂತ ನಾನು ಹೇಳಲ್ಲ. ಒಂದು ಕಡೆ ನಾನೂ ನಿನ್ನ ಪಕ್ಷ. 2004ರಲ್ಲಿ ಮ್ಯಾನಿಂಗ್, ಗೋಲ್ಡ್‌ಬ್ಲಾಟ್ ಮತ್ತು ಲಂಡನ್ನಿನ ಕ್ಯೂ ತೋಟದ ಮೈಕೇಲ್ ಫೇ ಸೇರಿ ಐರಿಸ್ ಅಲ್ಲದ ಬೇರೆ ಕುಟುಂಬದ ಗಡ್ಡೆಗಿಡಗಳಾದ ಆಲ್ಬುಕಾ, ಡಿಪ್‌ಕಾಡಿ, ಗಾಲ್ಟೋನಿಯಾ ಎಲ್ಲವನ್ನೂ ಆರ್ನಿಥೋಗ್ಯಾಲಮ್‌ಗೆ ತುಂಬಿದರು. ಗಿಡ ಬೆಳೆಸುವವರು ಗೊಣಗುತ್ತಾ ಚೀಟಿ ಬದಲಾಯಿಸಿದರು. 2009ಕ್ಕೆ ಇನ್ನಷ್ಟು ಡಿಎನ್ಎ ನೋಡಿ, ಆಲ್ಬುಕಾ, ಡಿಪ್‌ಕಾಡಿ ಬೇರೆಯೇ ಇರಲಿ ಅಂತ ವಾಪಸ್ ತಂದರು. ಐದು ವರ್ಷದಲ್ಲಿ ಹೋಗಿ ಬಂದ ಹಾಗಾಯಿತು. ಆಧಾರ ಇನ್ನೂ ತೆಳುವಾಗಿದ್ದಾಗ ಸ್ವಲ್ಪ ಕಾಯಬಹುದಿತ್ತು ಅನ್ನುವುದು ನನ್ನ ಅಭಿಪ್ರಾಯ.

ಹೆಸರು ಸರಿ ಇರಬೇಕಾದ್ದು ಪುಸ್ತಕದ ಶಿಸ್ತಿಗೆ ಮಾತ್ರ ಅಲ್ಲ. ಮೊರಿಯಾ ಅರಿಸ್ಟಾಟಾ ಅಂತ ಒಂದಿದೆ. ಬಿಳಿ ದಳ, ಒಳಗೆ ನವಿಲುಗರಿಯ ಕಣ್ಣಿನಂಥ ನೀಲಿ ಮಚ್ಚೆ. ಅದು ಕಾಡುಗಿಡವಾಗಿ ಉಳಿದಿರುವುದು ಇಡೀ ಪ್ರಪಂಚದಲ್ಲಿ ಕೇಪ್‌ಟೌನ್‌ನ ಖಗೋಳ ವೀಕ್ಷಣಾಲಯದ ಕಾಂಪೌಂಡಿನೊಳಗೆ, ಬೆರಳೆಣಿಕೆಯಷ್ಟು. ಸುತ್ತ ಊರು ಬೆಳೆದುಬಿಟ್ಟಿದೆ. ಅದನ್ನು ಪಕ್ಕದ ಇನ್ನೊಂದು ಮೊರಿಯಾ ಅಂತ ಬರೆದುಬಿಟ್ಟರೆ ಅದು ಅಳಿವಿನಂಚಿನಲ್ಲಿದೆ ಅಂತ ಯಾರಿಗೂ ಗೊತ್ತೇ ಆಗಲ್ಲ. ಪಟ್ಟಿಯಲ್ಲಿ ಹೆಸರಿಲ್ಲದ್ದಕ್ಕೆ ಬೇಲಿ ಹಾಕುವವರು ಯಾರು?

ಇನ್ನೊಂದು. ಇದೆಲ್ಲ ಆಫ್ರಿಕಾದ ಗಲಾಟೆ, ನಮಗ್ಯಾಕೆ ಅನ್ನಬೇಡ. ನಮ್ಮ ಹೊಲದ ಬದುವಿನಲ್ಲಿ, ಕುರುಚಲು ಕಾಡಿನಲ್ಲಿ ಇರುವ ಕಾಡು ಈರುಳ್ಳಿ ಗೊತ್ತಲ್ಲ? ನಾವು ಓದುವಾಗ ಅದು ಅರ್ಜಿನಿಯಾ ಇಂಡಿಕಾ. ದಕ್ಷಿಣ ಆಫ್ರಿಕಾದ ನೆಂಟರ ಜೊತೆ ಇಟ್ಟು ನೋಡಿದ ಮೇಲೆ ಅದೀಗ ಡ್ರಿಮಿಯಾ ಇಂಡಿಕಾ. ನಮ್ಮಲ್ಲಿ ಔಷಧಿ ಗಿಡಗಳ ಎಷ್ಟೋ ಪುಸ್ತಕಗಳಲ್ಲಿ ಇನ್ನೂ ಹಳೇ ಹೆಸರೇ ಓಡುತ್ತಿದೆ. ಮಳೆಗಾಲಕ್ಕೆ ಮುಂಚೆ, ಬಿರುಬೇಸಿಗೆಯಲ್ಲಿ ಎಲೆಯೇ ಇಲ್ಲದೆ ಬರೀ ಹೂದಂಟು ಎದ್ದು ನಿಲ್ಲುತ್ತದೆ. ಮೇ ತಿಂಗಳಿಗೆ ಊರಿಗೆ ಬರುತ್ತೀಯಲ್ಲ, ಆಗ ಒಂದು ಸಂಜೆ ಹುಡುಕೋಣ. ಬೂಟು ಹಾಕಿಕೊಂಡು ಬಾ, ಆ ಬದುವಿನಲ್ಲಿ ಹಾವು ಜಾಸ್ತಿ.

ಇಂತಿ ನಿನ್ನ
ಗೆಳೆಯ